ಹೊಲದ ದಾರಿಯ ಗಾಡಿಗೆ ಹೊಸ ಗ್ರಿಪ್

ಡರ್ಟ್ ಬೈಕ್ ಎಂಬ ಹೆಸರಿನ ಗಾಡಿ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಕಣ್ಣಿಗೆ ಬೀಳುವುದೇ ಅಪರೂಪ. ಎಲ್ಲೋ ಒಬ್ಬ ಹುಡುಗ ಹೀರೊ ಎಕ್ಸ್‌ಪಲ್ಸ್ ತಂದಿರಬಹುದು, ಅಷ್ಟೆ. ಆದರೆ ಡರ್ಟ್ ಬೈಕಿನ ಕೆಲಸವನ್ನು ದಿನವೂ ಮಾಡುವ ಗಾಡಿಗಳಿಗೆ ಇಲ್ಲಿ ಬರವಿಲ್ಲ. ಧುಪದಾಳದಿಂದ ಹೊರಡುವ ಘಟಪ್ರಭಾ ಎಡದಂಡೆ ಕಾಲುವೆಯ ದಂಡೆಯ ಮೇಲೆ ಹಾಲಿನ ಕ್ಯಾನು ತೂಗಿಸಿಕೊಂಡು ಹೋಗುವ ಸ್ಪ್ಲೆಂಡರ್, ಮೂಡಲಗಿ ಸುತ್ತಿನ ಎರೆಹೊಲಗಳ ಬಂಡಿದಾರಿಯಲ್ಲಿ ಮೇವಿನ ಹೊರೆ ಹೊತ್ತ ಎಕ್ಸ್‌ಎಲ್, ಹುಕ್ಕೇರಿಯಿಂದ ಯಮಕನಮರಡಿ, ದಡ್ಡಿ ಕಡೆಯ ಕೆಂಪುಮಣ್ಣಿನ ಗುಡ್ಡ ಏರಿಳಿಯುವ ಪ್ಲಾಟಿನಾ, ಇವೆಲ್ಲ ಡಾಂಬರು ರಸ್ತೆಗಾಗಿ ತಯಾರಾದವು. ಓಡುವುದು ಮಾತ್ರ ಮಣ್ಣಿನಲ್ಲಿ. ಕಬ್ಬಿನ ಹಂಗಾಮು ಶುರುವಾದರೆ ಟ್ರ್ಯಾಕ್ಟರ್ ಟ್ರೇಲರುಗಳ ಗಾಲಿ ತೋಡಿದ ಜಾಡಿನಲ್ಲಿ ಮುಂದಿನ ಚಕ್ರ ಸಿಕ್ಕಿಕೊಳ್ಳದ ದಿನವೇ ಇರುವುದಿಲ್ಲ. ಈ ಲೇಖನದ ವಾದ ಇಷ್ಟೇ: ಗಾಡಿ ಮಣ್ಣಿನ ದಾರಿಯಲ್ಲಿ ದುಡಿಯುತ್ತಿದ್ದರೆ ಅದರ ಹ್ಯಾಂಡಲ್ ಗ್ರಿಪ್ಪನ್ನೂ ಮಣ್ಣಿನ ದಾರಿಯ ಗಾಡಿಗೆ ಹಾಕುವಂತೆಯೇ ಹಾಕಬೇಕು. ಅಂದರೆ ಪೈಪು ಒರೆಸಿ, ಅಂಟು ಹಚ್ಚಿ, ತಂತಿ ಬಿಗಿದು, ಒಂದು ರಾತ್ರಿ ಕಾದು. ಐದು ನಿಮಿಷದಲ್ಲಿ ಸಾಬೂನು ನೀರು ಸವರಿ ತೂರಿಸುವ ಪದ್ಧತಿ ಈ ದಾರಿಗಳಿಗೆ ಸಾಲದು.

ಗ್ರಿಪ್ ಎಂದರೆ ಕೈಗೆ ಮೆತ್ತಗಿರಲಿ ಎಂದು ಹಾಕುವ ರಬ್ಬರು, ಹರಿದರೆ ಚೆಂದ ಕೆಡುತ್ತದೆ, ಅದಕ್ಕಿಂತ ಹೆಚ್ಚೇನೂ ಇಲ್ಲ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಬ್ರೇಕ್ ಶೂ ಸವೆದರೆ ಗ್ಯಾರೇಜಿಗೆ ಓಡುತ್ತೇವೆ, ಗ್ರಿಪ್ ಸವೆದರೆ ಮುಂದಿನ ದೀಪಾವಳಿಗೆ ನೋಡೋಣ ಎನ್ನುತ್ತೇವೆ. ಮಣ್ಣಿನಲ್ಲಿ ಗಾಡಿ ಓಡಿಸುವುದನ್ನೇ ಕಸುಬು ಮಾಡಿಕೊಂಡವರು ಹಾಗೆ ಎಣಿಸುವುದಿಲ್ಲ. ಎಫ್‌ಐಎಂ ಎಂಬ ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟದ ರೇಸ್ ನಿಯಮಗಳಲ್ಲಿ ಎರಡು ಷರತ್ತುಗಳಿವೆ. ಹ್ಯಾಂಡಲ್ ಪೈಪಿನ ತುದಿ ಬರಿದಾಗಿ ಕಾಣಬಾರದು, ಗಟ್ಟಿ ಬೆಣೆಯಿಂದಲೋ ರಬ್ಬರಿನಿಂದಲೋ ಮುಚ್ಚಿರಬೇಕು. ಕೈ ಬಿಟ್ಟ ಕೂಡಲೇ ಆಕ್ಸಲೇಟರ್ ತಾನಾಗಿ ಮುಚ್ಚಿಕೊಳ್ಳಬೇಕು. ಎರಡೂ ನೇರವಾಗಿ ಗ್ರಿಪ್ಪಿಗೆ ಸಂಬಂಧಿಸಿದವು. ತುದಿ ಹರಿದ ಗ್ರಿಪ್ಪಿನಿಂದ ಹೊರಗೆ ಇಣುಕುವ ಉಕ್ಕಿನ ಪೈಪು ಬಿದ್ದವನ ಹೊಟ್ಟೆಗೋ ತೊಡೆಗೋ ನಾಟಿದರೆ ದುಂಡಗೆ ಕೊರೆದು ತೆಗೆಯುತ್ತದೆ. ಜರುಗಿ ಸ್ವಿಚ್ ಪೆಟ್ಟಿಗೆಗೆ ಒರಗಿದ ಬಲಗ್ರಿಪ್ ಆಕ್ಸಲೇಟರನ್ನು ತೆರೆದ ಸ್ಥಿತಿಯಲ್ಲೇ ಹಿಡಿದು ನಿಲ್ಲಿಸುತ್ತದೆ. 2015ರಲ್ಲಿ ಡಕಾರ್ ರ್ಯಾಲಿಗೆ ಇಳಿದ ಮೊದಲ ಭಾರತೀಯ ಬೆಂಗಳೂರಿನ ಸಿ.ಎಸ್. ಸಂತೋಷ್. ಆ ಮಟ್ಟದ ರ್ಯಾಲಿ ಗಾಡಿಗಳಲ್ಲಿ ಗ್ರಿಪ್ಪಿಗೆ ಅಂಟು, ತಂತಿ ಎರಡನ್ನೂ ಹಾಕುವುದು ವಾಡಿಕೆ.

ನಾವೇನು ರೇಸಿಗೆ ಹೋಗುತ್ತೇವೆಯೇ, ಇಪ್ಪತ್ತರ ವೇಗದಲ್ಲಿ ಹೊಲಕ್ಕೆ ಹೋಗಿ ಬರುವವರಿಗೆ ಇದೆಲ್ಲ ಏಕೆ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಗ್ರಿಪ್ಪಿನ ಮೇಲೆ ಬೀಳುವ ಜಗ್ಗಾಟಕ್ಕೆ ಕಾರಣ ವೇಗವಲ್ಲ. ಡಾಂಬರಿನ ಮೇಲೆ ಅರವತ್ತರಲ್ಲಿ ಹೋಗುವವನ ಕೈ ಹ್ಯಾಂಡಲ್ ಮೇಲೆ ಸುಮ್ಮನೆ ಕೂತಿರುತ್ತದೆ. ಕೆಸರಿನ ಜಾಡಿನಲ್ಲಿ ಹತ್ತರ ವೇಗದಲ್ಲಿ, ಹಿಂದೆ ಎರಡು ಕ್ಯಾನು ಹಾಲು ಇಟ್ಟುಕೊಂಡು ಹೋಗುವವನ ಕೈ ಹ್ಯಾಂಡಲನ್ನು ಕ್ಷಣಕ್ಷಣಕ್ಕೂ ಎಳೆಯುತ್ತದೆ, ದೂಡುತ್ತದೆ, ತಿರುಚುತ್ತದೆ. ಕಾಲುವೆ ದಂಡೆ ಏರುವಾಗ ಮೈಯ ಭಾರವೆಲ್ಲ ಹಿಂದಕ್ಕೆ ಬಿದ್ದು ಎರಡು ಗ್ರಿಪ್ಪಿಗೆ ಜೋತು ಬೀಳುತ್ತದೆ. ಆ ಹೊತ್ತಿಗೆ ಎಡಗ್ರಿಪ್ ಪೈಪಿನ ಮೇಲೆ ಸುತ್ತು ತಿರುಗಿದರೆ ಕ್ಲಚ್ ಹಿಡಿದ ಬೆರಳು ಜಾರುತ್ತದೆ, ಗಾಡಿ ಪಕ್ಕಕ್ಕೆ ವಾಲುತ್ತದೆ, ಒಂದು ಕಡೆ ಕಾಲುವೆ ನೀರು ಇರುತ್ತದೆ. ಇನ್ನೊಂದು ಮಾತು. ಜಾರುವ ಗ್ರಿಪ್ಪನ್ನು ಕೈ ತಾನಾಗಿ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ, ಬಿಗಿ ಹಿಡಿದಷ್ಟೂ ಎಂಜಿನ್ನಿನ ನಡುಕ ಕೈಗೆ ಹೆಚ್ಚು ದಾಟುತ್ತದೆ. ಕೈಗೆ ದಾಟುವ ಇಂಥ ನಡುಕಕ್ಕೆ ಯುರೋಪಿಯನ್ ಒಕ್ಕೂಟ 2002ರಲ್ಲೇ ಕೆಲಸಗಾರರ ಸುರಕ್ಷತೆಯ ದೃಷ್ಟಿಯಿಂದ ದಿನದ ಮಿತಿ ಹಾಕಿದೆ. ಹೊಲದಿಂದ ಬಂದ ಮೇಲೆ ಬೆರಳು ಜೋಮು ಹಿಡಿಯುತ್ತದೆ ಎನ್ನುವವರು ಡಾಕ್ಟರ ಹತ್ತಿರ ಹೋಗುವುದರ ಜೊತೆಗೆ ಒಮ್ಮೆ ಗ್ರಿಪ್ಪನ್ನೂ ನೋಡಿಕೊಳ್ಳುವುದು ಒಳ್ಳೆಯದು.

ಹೊಲದ ಗಾಡಿಯ ಎರಡೂ ಗ್ರಿಪ್ ಒಂದೇ ರೀತಿ ಹಾಳಾಗುವುದಿಲ್ಲ. ಬಲಗಡೆಯದು ನುಣ್ಣಗಾಗಿರುತ್ತದೆ, ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಕೂರುವ ಜಾಗದಲ್ಲಿ ಗೆರೆಗಳೆಲ್ಲ ಅಳಿಸಿ ಹೊಳೆಯುತ್ತಿರುತ್ತದೆ, ಏಕೆಂದರೆ ಅಂಗೈ ಅಲ್ಲಿ ದಿನವಿಡೀ ಆಕ್ಸಲೇಟರ್ ತಿರುವುತ್ತದೆ. ಎಡಗಡೆಯದರ ಗೆರೆ ಇನ್ನೂ ಇರುತ್ತದೆ, ತುದಿ ಮಾತ್ರ ಹರಿದು ಹೂವಿನಂತೆ ಬಿಚ್ಚಿಕೊಂಡಿರುತ್ತದೆ. ಕಾರಣ ಸೈಡ್ ಸ್ಟ್ಯಾಂಡು. ಅದು ಇರುವುದು ಎಡಕ್ಕೆ, ಹಸಿ ಎರೆಮಣ್ಣಿನಲ್ಲಿ ಅದು ಇಳಿಯುತ್ತದೆ, ನೀರು ಬಿಟ್ಟ ಕಬ್ಬಿನ ಹೊಲದ ಬದುವಿನ ಮೇಲೆ ನಿಲ್ಲಿಸಿದ ಗಾಡಿ ಎಡಮಗ್ಗುಲಿಗೆ ಮಲಗುತ್ತದೆ, ಮೊದಲ ಪೆಟ್ಟು ಎಡಗ್ರಿಪ್ಪಿನ ತುದಿಗೆ. ಸ್ಟ್ಯಾಂಡಿನ ಕೆಳಗೆ ಒಂದು ಚಪ್ಪಟೆ ಕಲ್ಲು ಇಡುವವರ ಎಡಗ್ರಿಪ್ ವರ್ಷಗಟ್ಟಲೆ ಬಾಳುತ್ತದೆ. ಬಲಗಡೆ ತುದಿ ಹರಿದರೆ ಇನ್ನೂ ಕೆಟ್ಟದ್ದು: ಆಕ್ಸಲೇಟರಿನ ಪ್ಲಾಸ್ಟಿಕ್ ಕೊಳವೆಗೂ ಒಳಗಿನ ಉಕ್ಕಿನ ಪೈಪಿಗೂ ನಡುವೆ ಮಣ್ಣು ಹೊಕ್ಕು ಕೂತು, ಆಕ್ಸಲೇಟರ್ ಬಿಗಿಯಾಗುತ್ತದೆ, ತಿರುಗಿಸಿದ್ದು ವಾಪಸು ಬರುವುದಿಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಮನೆಗಳಿಗೆ ನುಗ್ಗಿದಂಥ ನೆರೆಯಲ್ಲಿ ಮುಳುಗಿದ ಗಾಡಿಗೂ ಇದೇ ಪಾಡು. ಎಂಜಿನ್ ಆಯಿಲ್ ಬದಲಿಸಿ ಚಾಲೂ ಮಾಡಿದರೆ ಸಾಲದು, ಆ ಕೊಳವೆಯನ್ನು ಹೊರಗೆ ತೆಗೆದು ಒಳಗಿನ ರಾಡಿಯನ್ನು ಒರೆಸಬೇಕು.

ಈಗ ಹೊಸದನ್ನು ಆರಿಸುವ ಮಾತು. ಸಾಮಾನ್ಯ ಗಾಡಿಗಳ ಹ್ಯಾಂಡಲ್ ಪೈಪಿನ ಹೊರವ್ಯಾಸ 22 ಮಿಲಿಮೀಟರ್. ಎಡಗ್ರಿಪ್ ಅದರ ಮೇಲೆ ನೇರವಾಗಿ ಕೂರುತ್ತದೆ. ಬಲಗ್ರಿಪ್ ಕೂರುವುದು ಆಕ್ಸಲೇಟರ್ ಕೊಳವೆಯ ಮೇಲೆ, ಆದ್ದರಿಂದ ಅದರ ತೂತು ಸುಮಾರು 25 ಮಿಲಿಮೀಟರ್ ಇರುತ್ತದೆ. ಎರಡನ್ನೂ ಕೈಯಲ್ಲಿ ಹಿಡಿದು ಒಳಗೆ ನೋಡಿದರೆ ಯಾವುದು ಯಾವ ಕಡೆಯದೆಂದು ತಿಳಿಯುತ್ತದೆ. ಅಂಗಡಿಯಲ್ಲಿ ಗಡಿಬಿಡಿಯಿಂದ ಬಲಗಡೆಯ ಅಳತೆಯ ಎರಡನ್ನು ಚೀಲಕ್ಕೆ ಹಾಕಿಕೊಂಡು ಬಂದರೆ ಎಡಗಡೆ ಜೋಲಾಡುತ್ತದೆ, ಎಷ್ಟು ಅಂಟು ಸುರಿದರೂ ನಿಲ್ಲುವುದಿಲ್ಲ. ಕೆಲವು ಮಾದರಿಗಳಲ್ಲಿ ಬಲಗ್ರಿಪ್ ಮತ್ತು ಕೊಳವೆ ಒಟ್ಟಿಗೇ ಒಂದು ಭಾಗವಾಗಿ ಸಿಗುತ್ತವೆ. ನಿಮ್ಮ ಗಾಡಿ ಅಂಥದ್ದಾದರೆ ಅದನ್ನೇ ತನ್ನಿ, ಅರ್ಧ ಕೆಲಸ ಉಳಿಯುತ್ತದೆ. ಹಳೆಯ ಗ್ರಿಪ್ಪಿನ ಉದ್ದವನ್ನು ದಾರದಿಂದಲಾದರೂ ಅಳೆದುಕೊಂಡು ಹೋಗಿ. ಉದ್ದ ಹೆಚ್ಚಾದ ಬಲಗ್ರಿಪ್ ಹ್ಯಾಂಡಲ್ ತುದಿಗೆ ಕೂರಿಸಿದ ಭಾರದ ತುಂಡಿಗೆ, ಅಂದರೆ ವೇಟಿಗೆ, ಉಜ್ಜುತ್ತದೆ. ಕಂಪನಿ ಗ್ರಿಪ್ಪಿಗೆ ಹೊಂದುವಂತೆ ಕೊಳವೆಯ ಮೇಲೆ ಉಬ್ಬುಗೆರೆಗಳಿದ್ದರೆ ಬೇರೆ ಕಂಪನಿಯದು ಒಳಕ್ಕೆ ಹೋಗದಿರಬಹುದು, ಆಗ ಆ ಉಬ್ಬನ್ನು ಕಾನಸಿನಿಂದ ಸವರಬೇಕಾಗುತ್ತದೆ. ಮೊದಲೇ ವಿಚಾರಿಸಿಕೊಂಡರೆ ಅದೂ ತಪ್ಪುತ್ತದೆ.

ದಪ್ಪಗಿದ್ದಷ್ಟೂ ಆರಾಮ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ದಪ್ಪ ಗ್ರಿಪ್ ಹಿಡಿಯಲು ಮುಂಗೈ ಹೆಚ್ಚು ದುಡಿಯಬೇಕು, ಬ್ರೇಕಿಗೂ ಕ್ಲಚ್ಚಿಗೂ ಬೆರಳು ಎಟಕುವುದು ಕಡಿಮೆಯಾಗುತ್ತದೆ, ಸಣ್ಣ ಕೈಯವರಿಗೆ ಅದು ತೊಡಕೇ ಸರಿ. ಉಗುರಿನಿಂದ ಒತ್ತಿದರೆ ಸ್ವಲ್ಪ ಒಳಗೆ ಹೋಗಿ ಕೂಡಲೇ ಮೇಲೇಳುವಷ್ಟು ಮೃದುವಾದ ರಬ್ಬರು, ಚೌಕಳಿ ಅಥವಾ ಅಡ್ಡಗೆರೆಯ ಕೆತ್ತನೆ, ತಂತಿ ಕೂರಲು ಸುತ್ತಲೂ ಕೊರೆದ ಎರಡು-ಮೂರು ತೋಡುಗಳು, ಇಷ್ಟಿದ್ದರೆ ಸಾಕು. ಬಣ್ಣಬಣ್ಣದ ಅಗ್ಗದ ಪ್ಲಾಸ್ಟಿಕ್ ಗ್ರಿಪ್ಪುಗಳು ಬೇಸಿಗೆ ಬಿಸಿಲಿಗೆ ಜಿಗುಟಾಗಿ ಅಂಗೈಗೆ ಕಪ್ಪು ಹತ್ತಿಸುತ್ತವೆ. ಇನ್ನು ಹಳೆಯದರ ಮೇಲೆ ತೊಡಿಸುವ ಸ್ಪಂಜಿನ ಕವರಿನ ವಿಷಯ. ಅದು ಮಳೆನೀರು ಹೀರುತ್ತದೆ, ಕೆಸರು ಕುಡಿಯುತ್ತದೆ, ಹಳೆಯ ಗ್ರಿಪ್ಪಿನ ಮೇಲೆ ತಾನೇ ತಿರುಗುತ್ತದೆ. ಜಾರುವ ಒಂದು ಪದರ ಇದ್ದಲ್ಲಿ ಎರಡು ಮಾಡಿಕೊಳ್ಳುವುದಕ್ಕೆ ದುಡ್ಡು ಕೊಡುವುದೇಕೆ? ಹೊಸ ಗ್ರಿಪ್ ಜೋಡಿಗೆ ಹೆಚ್ಚೆಂದರೆ ಎರಡು-ಮೂರು ಲೀಟರ್ ಪೆಟ್ರೋಲಿನ ಖರ್ಚು.

ತೆಗೆಯುವ ಕೆಲಸ ಸುಲಭ. ಹ್ಯಾಂಡಲ್ ತುದಿಯಲ್ಲಿ ವೇಟ್ ಇದ್ದರೆ ಮೊದಲು ಅದರ ಸ್ಕ್ರೂ ಬಿಚ್ಚಬೇಕು. ಸ್ಕ್ರೂ ತುಕ್ಕು ಹಿಡಿದಿದ್ದರೆ ಸರಿಯಾದ ಅಳತೆಯ ಸ್ಕ್ರೂಡ್ರೈವರನ್ನು ಪೂರ್ತಿ ಒತ್ತಿ ಹಿಡಿದು ತಿರುವಿ, ತಲೆ ಸವೆದರೆ ಆಮೇಲೆ ಡ್ರಿಲ್ ಮಾಡಿಸುವ ಪಾಡು. ಎಡಗ್ರಿಪ್ಪನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಸುಲಿದುಬಿಡಬಹುದು, ಕೆಳಗೆ ಉಕ್ಕಿದೆ. ಬಲಗಡೆ ಹಾಗಲ್ಲ. ಅಲ್ಲಿ ಬ್ಲೇಡು ಆಳಕ್ಕೆ ಇಳಿದರೆ ಪ್ಲಾಸ್ಟಿಕ್ ಕೊಳವೆಗೆ ಗೀರು ಬೀಳುತ್ತದೆ, ಗೀರಿನಿಂದ ಬಿರುಕು ಬರುತ್ತದೆ. ಆದ್ದರಿಂದ ಮೇಲ್ಪದರವನ್ನಷ್ಟೇ ಕೊಯ್ದು, ಉಳಿದದ್ದನ್ನು ಬೆರಳಿನಿಂದ ಹರಿದು ತೆಗೆಯಿರಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯನ್ನು ಗ್ರಿಪ್ಪಿನ ಅಂಚಿನೊಳಗೆ ಬಿಟ್ಟರೆ ರಬ್ಬರು ಉಬ್ಬಿ, ಕೊಯ್ಯದೆಯೇ ಜಾರಿ ಹೊರಬರುವುದೂ ಉಂಟು. ಹಳೆಯದು ಇನ್ನೂ ಚೆನ್ನಾಗಿದ್ದು ಮರಳಿ ಹಾಕಬೇಕೆಂದಿದ್ದರೆ ಅದೇ ದಾರಿ. ಬಲಗಡೆಗೆ ಇನ್ನೂ ಒಳ್ಳೆಯ ಉಪಾಯವೆಂದರೆ ಸ್ವಿಚ್ ಪೆಟ್ಟಿಗೆಯ ಸ್ಕ್ರೂ ಬಿಚ್ಚಿ, ಕೇಬಲ್ ಗುಂಡನ್ನು ಗೂಡಿನಿಂದ ಬಿಡಿಸಿ, ಕೊಳವೆಯನ್ನೇ ಹೊರಗೆ ತೆಗೆದು, ಕಟ್ಟೆಯ ಮೇಲೆ ಕೂತು ಕೆಲಸ ಮಾಡುವುದು. ಕೇಬಲ್ ಹೇಗೆ ಕೂತಿತ್ತು ಎಂದು ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ಹೊಡೆದುಕೊಳ್ಳಿ.

ಇಡೀ ಕೆಲಸದ ತಿರುಳು ಮುಂದಿನ ಹಂತದಲ್ಲಿದೆ, ಅವಸರ ಮಾಡುವುದೂ ಎಲ್ಲರೂ ಇಲ್ಲಿಯೇ. ಗ್ರಿಪ್ ಜಾರಿತು ಎಂದರೆ ಅಂಟು ಸರಿಯಿಲ್ಲ ಎನ್ನುತ್ತಾರೆ. ಬಹಳ ಸಲ ಅಂಟಿನ ತಪ್ಪೇನೂ ಇರುವುದಿಲ್ಲ. ಅಂಟು ಹಿಡಿದದ್ದು ಪೈಪನ್ನಲ್ಲ, ಪೈಪಿನ ಮೇಲಿದ್ದ ಜಿಡ್ಡು, ತುಕ್ಕಿನ ಪುಡಿ, ಹಳೆಯ ಅಂಟಿನ ಸಿಪ್ಪೆಯನ್ನು. ಅವು ಕಳಚಿದಾಗ ಅಂಟೂ ಜೊತೆಗೆ ಕಳಚುತ್ತದೆ. ಹಾಗಾಗಿ ಉಕ್ಕಿನ ಪೈಪನ್ನು ಪಾಲಿಶ್ ಪೇಪರಿನಿಂದ ತುಕ್ಕು ಹೋಗುವವರೆಗೆ ಉಜ್ಜಿ, ಆಮೇಲೆ ಔಷಧಿ ಅಂಗಡಿಯ ಸ್ಪಿರಿಟ್ ಹಚ್ಚಿದ ಬಿಳಿ ಬಟ್ಟೆಯಿಂದ ಒರೆಸಬೇಕು. ಬಟ್ಟೆ ಬಿಳಿಯದೇ ಇರಲಿ ಎನ್ನಲು ಕಾರಣವಿದೆ, ಅದರ ಮೇಲೆ ಕಪ್ಪು ಬೀಳುವುದು ನಿಂತಾಗಲೇ ಪೈಪು ಸ್ವಚ್ಛವಾಯಿತೆಂದು ಲೆಕ್ಕ. ಪ್ಲಾಸ್ಟಿಕ್ ಕೊಳವೆಗೆ ಪೇಂಟಿನ ಥಿನ್ನರ್ ಮುಟ್ಟಿಸಬೇಡಿ, ಅದು ಕೆಲವು ಪ್ಲಾಸ್ಟಿಕ್ಕುಗಳನ್ನು ಮೆತ್ತಗೆ ಮಾಡುತ್ತದೆ. ಹೊಸ ಗ್ರಿಪ್ಪಿನ ಒಳಗೂ ಅಚ್ಚಿನಿಂದ ಬಂದ ಎಣ್ಣೆಯ ಇಲ್ಲವೇ ಪುಡಿಯ ತೆಳುಪದರ ಇರುವುದುಂಟು, ಅದನ್ನೂ ಸ್ಪಿರಿಟ್ ಬಟ್ಟೆಯಿಂದ ಒರೆಸಿ ಒಣಗಲು ಬಿಡಿ. ಕೊಳವೆಯ ಒಳಗಿನ ಮಾತು ಬೇರೆ. ಅಲ್ಲಿ ಗ್ರೀಸು ತುಂಬಿಸುವ ಅಭ್ಯಾಸ ಕೆಲವರಿಗಿದೆ. ಧೂಳಿನ ದಾರಿಯಲ್ಲಿ ಗ್ರೀಸು ಧೂಳನ್ನು ಹಿಡಿದಿಟ್ಟುಕೊಂಡು ಅರೆಯುವ ಹಿಟ್ಟಾಗುತ್ತದೆ. ಗಾಡಿಯ ಪುಸ್ತಕ ಹೇಳಿದ್ದರೆ ಬೆರಳಿಗೆ ಅಂಟಿದಷ್ಟು ಮಾತ್ರ ಸವರಿ, ಇಲ್ಲದಿದ್ದರೆ ಒಣಗಿಯೇ ಇರಲಿ.

ಅಂಟು ಯಾವುದು? ಗ್ರಿಪ್ಪಿಗೆಂದೇ ಮಾಡಿದ ಅಂಟು ಸಿಕ್ಕರೆ ಅದೇ ಮೇಲು, ಹಚ್ಚಿದ ಮೇಲೆ ಕೆಲವು ನಿಮಿಷ ಹಸಿಯಾಗಿದ್ದು ತಿರುವಿ ಕೂರಿಸಲು ಸಮಯ ಕೊಡುತ್ತದೆ. ಊರಲ್ಲಿ ಸಿಗದಿದ್ದರೆ ರಬ್ಬರು ಹಿಡಿಸುವ ಹಳದಿ ಬಣ್ಣದ ಅಂಟು ನಡೆಯುತ್ತದೆ, ಆದರೆ ಅದು ಬೇಗ ಕಚ್ಚುತ್ತದೆ, ಕೈ ಚುರುಕಾಗಿರಬೇಕು, ಹಸಿಯಿರುವಾಗಲೇ ಒಂದೇ ಉಸಿರಿಗೆ ಒಳಗೆ ತಳ್ಳಬೇಕು. ಫೆವಿಕ್ವಿಕ್‌ನಂಥ ತಕ್ಷಣದ ಅಂಟನ್ನು ಮಾತ್ರ ಬಳಸಬೇಡಿ. ಗ್ರಿಪ್ ಅರ್ಧ ದಾರಿಯಲ್ಲಿರುವಾಗಲೇ ಹಿಡಿದು ನಿಲ್ಲುತ್ತದೆ, ಅದೃಷ್ಟದಿಂದ ಪೂರ್ತಿ ಹೋದರೂ ಗಾಜಿನಂತೆ ಗಡಸಾಗುವ ಆ ಪದರ ಎಂಜಿನ್ ನಡುಕಕ್ಕೆ ಬಿರುಕು ಬಿಡುತ್ತದೆ. ಸಾಬೂನು ನೀರಿನ ಪರವಾಗಿ ಮಾತಾಡುವವರು ಬಹಳ ಜನ, ಅವರ ವಾದ ಹೀಗಿದೆ: ನೀರು ಆರುತ್ತದೆ, ರಬ್ಬರು ತಾನಾಗಿ ಹಿಡಿಯುತ್ತದೆ, ಅಂಟೇಕೆ? ನೀರು ಆರುತ್ತದೆ ನಿಜ, ಸಾಬೂನು ಆರುವುದಿಲ್ಲ. ಅದು ಒಳಗೇ ಒಣಗಿ ಕೂತು, ಜೂನಿನ ಮೊದಲ ಮಳೆಯ ನೀರು ಅಂಚಿನಿಂದ ಇಳಿದ ದಿನ ಮತ್ತೆ ಜಾರಿಕೆಯಾಗುತ್ತದೆ. ಡಾಂಬರು ರಸ್ತೆಯ ಗಾಡಿಗೆ ಅದು ನಡೆದೀತು. ಮಳೆಗಾಲವಿಡೀ ಕೆಸರಲ್ಲಿರುವ ಗಾಡಿಗೆ ನಡೆಯುವುದಿಲ್ಲ. ತೂರಿಸಲು ಜಾರಿಕೆ ಬೇಕೇ ಬೇಕೆನ್ನುವವರು ಸ್ಪಿರಿಟ್ಟನ್ನೇ ಬಳಸಲಿ, ಅದು ಪೂರ್ತಿ ಆರಿಹೋಗುತ್ತದೆ.

ಕೂರಿಸುವಾಗ ಅಂಟನ್ನು ಗ್ರಿಪ್ಪಿನೊಳಗೆ ಸುತ್ತಲೂ ಒಂದು ಗೆರೆ, ಪೈಪಿನ ಮೇಲೆ ತೆಳುವಾಗಿ ಒಂದು ಪದರ ಹಚ್ಚಿ. ಅಂಗೈಯನ್ನು ತುದಿಗೆ ಕೊಟ್ಟು, ತಿರುವುತ್ತ ಒಳಕ್ಕೆ ತಳ್ಳಿ. ಎಡಗಡೆ ಸ್ವಿಚ್ ಪೆಟ್ಟಿಗೆಗೆ ತಾಗುವವರೆಗೂ ಹೋಗಲಿ, ತೊಂದರೆಯಿಲ್ಲ, ಅದು ತಿರುಗಬೇಕಾದ್ದೇ ಅಲ್ಲ. ಬಲಗಡೆ ಮಾತ್ರ ಸ್ವಿಚ್ ಪೆಟ್ಟಿಗೆಗೂ ಗ್ರಿಪ್ಪಿನ ಅಂಚಿಗೂ ನಡುವೆ ಒಂದರಿಂದ ಎರಡು ಮಿಲಿಮೀಟರ್ ಸಂದು ಇರಲೇಬೇಕು, ಹೊರತುದಿಯಲ್ಲಿ ವೇಟಿಗೂ ಅಷ್ಟೇ ಸಂದು. ಎರಡು ಮಡಿಕೆ ಮಾಡಿದ ಪೋಸ್ಟ್‌ಕಾರ್ಡ್ ಸರಾಗವಾಗಿ ಹೋಗಿ ಬಂದರೆ ಸರಿ ಎಂದುಕೊಳ್ಳಿ. ಹೊರಗೆ ಉಕ್ಕಿದ ಅಂಟನ್ನು ಆಗಲೇ ಒರೆಸಿ. ಕೊಳವೆಯ ಅಂಚಿನಿಂದ ಒಂದು ಹನಿ ಒಳಗೆ ಇಳಿದರೂ ಬೆಳಗಾಗುವಷ್ಟರಲ್ಲಿ ಆಕ್ಸಲೇಟರ್ ಹ್ಯಾಂಡಲಿಗೆ ಅಂಟಿರುತ್ತದೆ. ಕೊಳವೆಯನ್ನು ಹೊರಗೆ ತೆಗೆದೇ ಗ್ರಿಪ್ ಹಾಕಿ ಎನ್ನುವುದು ಈ ಭಯಕ್ಕೇ. ಗ್ರಿಪ್ಪಿನ ಕೆತ್ತನೆ ಒಂದು ಕಡೆ ಒರಟು ಇನ್ನೊಂದು ಕಡೆ ನಯ ಇದ್ದರೆ ಆಕ್ಸಲೇಟರ್ ಪೂರ್ತಿ ಮುಚ್ಚಿದ ಸ್ಥಿತಿಯಲ್ಲಿಟ್ಟು ದಿಕ್ಕು ನೋಡಿಕೊಳ್ಳಿ.

ತಂತಿ ಕಟ್ಟುವುದು ಅಂಟು ಒಣಗುವ ಮೊದಲೇ. 0.7 ಅಥವಾ 0.8 ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ತಂತಿ ಸಾಕು. ಕಟ್ಟಡಕ್ಕೆ ಕಬ್ಬಿಣ ಕಟ್ಟುವ ಬೈಂಡಿಂಗ್ ವೈರ್ ಎಲ್ಲೆಡೆ ಸಿಗುತ್ತದೆ, ಆದರೆ ಅದು ತುಕ್ಕು ಹಿಡಿದು ಒಂದೆರಡು ಮಳೆಗಾಲದಲ್ಲಿ ತುಂಡಾಗುತ್ತದೆ. ಗ್ರಿಪ್ಪಿನ ಮೇಲೆ ಕೊರೆದ ತೋಡಿನಲ್ಲಿ ತಂತಿಯನ್ನು ಸುತ್ತಿ, ಎರಡೂ ತುದಿಯನ್ನು ಪಕ್ಕಡದಲ್ಲಿ ಹಿಡಿದು ಎಳೆಯುತ್ತ ತಿರುಚಿ, ರಬ್ಬರು ತುಸು ಅದುಮಿದ್ದು ಕಂಡಾಗ ನಿಲ್ಲಿಸಿ. ಅದಕ್ಕೂ ಬಿಗಿ ಮಾಡಿದರೆ ತಂತಿ ರಬ್ಬರನ್ನು ಕೊಯ್ಯುತ್ತದೆ, ಬಲಗಡೆಯಾದರೆ ಕೊಳವೆಯನ್ನು ಅದುಮಿ ಹ್ಯಾಂಡಲಿಗೆ ಒತ್ತಬಹುದು. ತಿರುಚಿದ್ದರಲ್ಲಿ ನಾಲ್ಕೈದು ಮಿಲಿಮೀಟರ್ ಬಿಟ್ಟು ಕತ್ತರಿಸಿ, ತುದಿಯನ್ನು ಬಾಗಿಸಿ ರಬ್ಬರಿನೊಳಗೆ ಒತ್ತಿಬಿಡಿ. ಗಂಟು ಅಂಗೈ ಒತ್ತದ ಕಡೆ ಇರಬೇಕು. ಒಳ ಅಂಚಿನ ಹತ್ತಿರ ಒಂದು, ಹೊರತುದಿಯ ಹತ್ತಿರ ಒಂದು, ಎರಡು ಕಟ್ಟು ಸಾಕಾಗುತ್ತದೆ. ತಂತಿ ಕೈಗೆ ಚುಚ್ಚುತ್ತದೆ ಎಂಬ ದೂರು ಕೇಳಿಬರುವುದು ತುದಿಯನ್ನು ಹಾಗೇ ಬಿಟ್ಟಲ್ಲಿ. ಇದು ತಂತಿಯ ದೋಷವಲ್ಲ, ಕಟ್ಟಿದವನದು. ತಂತಿಯ ಬದಲು ಪ್ಲಾಸ್ಟಿಕ್ ಟ್ಯಾಗ್ ಹಾಕುವುದುಂಟು. ಅದರ ತಲೆ ದಪ್ಪ, ತೋಡಿನೊಳಗೆ ಕೂರದೆ ಬೆರಳಿಗೆ ತಾಗುತ್ತಲೇ ಇರುತ್ತದೆ, ಬಿಸಿಲಿಗೆ ಒಣಗಿ ಮುರಿಯುತ್ತದೆ.

ಅಂಟು ಇರುವಾಗ ತಂತಿ ಏಕೆ, ತಂತಿ ಇರುವಾಗ ಅಂಟೇಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿಯ ಹವೆಯಲ್ಲಿದೆ. ಏಪ್ರಿಲ್-ಮೇ ತಿಂಗಳ ಬಿಸಿಲಲ್ಲಿ ಮನೆ ಮುಂದೆ ನಿಂತ ಗಾಡಿಯ ಗ್ರಿಪ್ ಮುಟ್ಟಲಾಗದಷ್ಟು ಕಾಯುತ್ತದೆ, ಆಗ ಅಂಟು ಮೆತ್ತಗಾಗುತ್ತದೆ, ಹಿಡಿದು ನಿಲ್ಲಿಸುವುದು ತಂತಿ. ಮಳೆಗಾಲದಲ್ಲಿ ತಂತಿಯೊಂದೇ ಇದ್ದರೆ ಎರಡು ಕಟ್ಟಿನ ನಡುವಿನ ರಬ್ಬರಿನ ಕೆಳಗೆ ನೀರು ಹೊಕ್ಕು ಅದು ತಿರುಚಿಕೊಳ್ಳುತ್ತದೆ, ನೀರು ತಡೆಯುವುದು ಅಂಟು. ಒಂದರ ದೌರ್ಬಲ್ಯವನ್ನು ಇನ್ನೊಂದು ಮುಚ್ಚುತ್ತದೆ. ಅಂಟು ಹಾಕಿದರೆ ಮುಂದಿನ ಸಲ ತೆಗೆಯುವುದು ಕಷ್ಟವಲ್ಲವೇ ಎನ್ನುವವರಿಗೂ ಹೇಳಬೇಕು: ಕಷ್ಟ ಹೌದು, ಬ್ಲೇಡು ಹಾಕಿ ಕೊಯ್ದು ತೆಗೆಯಬೇಕು. ಆದರೆ ಸವೆದ ಗ್ರಿಪ್ ಹೇಗೂ ಕಸಕ್ಕೆ ಹೋಗುವುದು ತಾನೆ.

ಬೋಲ್ಟಿನಿಂದ ಬಿಗಿಯುವ ಲಾಕ್ ಗ್ರಿಪ್ಪುಗಳು ಈಗ ಪೇಟೆಯಲ್ಲಿ ಮತ್ತು ಆನ್‌ಲೈನಿನಲ್ಲಿ ಸಿಗುತ್ತವೆ, ಅಂಟು ಬೇಡ, ತಂತಿ ಬೇಡ, ಅಲೆನ್ ಕೀಯಿಂದ ಬಿಗಿದರಾಯಿತು. ನಿಜವಾದ ಡರ್ಟ್ ಬೈಕಿಗೆ, ಗ್ರಿಪ್ಪನ್ನು ಮೇಲಿಂದ ಮೇಲೆ ಬದಲಿಸುವವರಿಗೆ ಅದು ಒಳ್ಳೆಯದೇ. ಆದರೆ ಅದರ ಬಲಗಡೆಯದು ಬಹುಮಟ್ಟಿಗೆ ತನ್ನದೇ ಕೊಳವೆಯೊಂದಿಗೆ ಬರುತ್ತದೆ, ಕೇಬಲ್ ಸುತ್ತುವ ಗಾಲಿಯ ಅಳತೆ ನಮ್ಮ ಸ್ಪ್ಲೆಂಡರಿನದೋ ಪ್ಲಾಟಿನಾದ್ದೋ ಆಗಿರುವುದಿಲ್ಲ. ಒಳಗೆ ಗಟ್ಟಿ ಪ್ಲಾಸ್ಟಿಕ್ ಇರುವುದರಿಂದ ರಬ್ಬರಿನ ಪದರ ತೆಳು, ನಡುಕ ಹೆಚ್ಚು. ಹೊಲದ ಗಾಡಿಗೆ ಅದನ್ನು ಶಿಫಾರಸು ಮಾಡುವುದು ಕಷ್ಟ.

ಕೊನೆಯದಾಗಿ ಕಾಯುವುದು, ನಮ್ಮ ಜನಕ್ಕೆ ಎಲ್ಲಕ್ಕಿಂತ ಕಷ್ಟವಾದ ಕೆಲಸ. ಅಂಟಿನ ಡಬ್ಬಿಯ ಮೇಲೆ ಏನೇ ಬರೆದಿರಲಿ, ಒಂದು ಪೂರ್ತಿ ರಾತ್ರಿ ಗಾಡಿಯನ್ನು ಮುಟ್ಟಬೇಡಿ. ಮಳೆಗಾಲದ ತೇವದಲ್ಲಿ ಒಂದು ದಿನ ಪೂರ್ತಿ ಬೇಕು. ಬೆಳಗಿನ ಹಾಲು ಹಾಕುವುದು ತಪ್ಪುತ್ತದೆ ಎನ್ನುವವರು ಒಂದು ಕೈಯದನ್ನು ಇಂದು, ಇನ್ನೊಂದನ್ನು ನಾಳೆ ಮಾಡಿದರೆ ಉಪಯೋಗವಿಲ್ಲ, ಎರಡು ದಿನ ಗಾಡಿ ನಿಲ್ಲುತ್ತದೆ ಅಷ್ಟೆ. ಸಂಜೆ ಹಾಲು ಹಾಕಿ ಬಂದು ಕೆಲಸ ಮುಗಿಸಿ, ಮರುದಿನ ಬೆಳಿಗ್ಗೆ ಅಣ್ಣನದೋ ನೆರೆಯವರದೋ ಗಾಡಿ ಕೇಳಿ ಪಡೆಯುವುದು ಜಾಣತನ. ಗ್ಯಾರೇಜಿನಲ್ಲಿ ಮಾಡಿಸುವುದಾದರೂ ಇದೇ ಷರತ್ತು: ಸ್ಪಿರಿಟ್ಟಿನಿಂದ ಒರೆಸಿ, ಅಂಟು ಹಾಕಿ, ತಂತಿ ಕಟ್ಟಿ, ನಾಳೆ ಬಂದು ಒಯ್ಯುತ್ತೇನೆ ಎಂದು ಹೇಳಿ ಬನ್ನಿ. ಸಾಬೂನು ನೀರಿನ ಐದು ನಿಮಿಷಕ್ಕೆ ಮಿಸ್ತ್ರಿಯನ್ನು ದೂಡುವುದು ಅವನ ಸೋಮಾರಿತನವಲ್ಲ, ಕಟ್ಟೆಯ ಮೇಲೆ ಕೂತು ಆಯಿತೇ ಆಯಿತೇ ಎಂದು ಕೇಳುವ ನಮ್ಮ ಅವಸರ.

ಒಣಗಿದ ಮೇಲೆ ಎಂಜಿನ್ ಚಾಲೂ ಮಾಡುವ ಮೊದಲು ಪರೀಕ್ಷೆ. ಆಕ್ಸಲೇಟರ್ ಪೂರ್ತಿ ತಿರುವಿ ಕೈ ಬಿಡಿ. ಅದು ತಡವರಿಸದೆ ಟಪ್ ಎಂದು ಮುಚ್ಚಿಕೊಳ್ಳಬೇಕು. ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಅದೇ ಪರೀಕ್ಷೆ ಮಾಡಿ. ಆಮೇಲೆ ಗೇರ್ ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ ಚಾಲೂ ಮಾಡಿ, ನಿಧಾನಕ್ಕೆ ಹ್ಯಾಂಡಲ್ ಎರಡೂ ಕಡೆ ತಿರುಗಿಸಿ. ಎಂಜಿನ್ ಸದ್ದು ಏರಿದರೆ ಕೇಬಲ್ ಬಿಗಿಯಾಗಿದೆ ಅಥವಾ ದಾರಿ ತಪ್ಪಿ ಕೂತಿದೆ, ಓಡಿಸಬೇಡಿ. ಗ್ರಿಪ್ಪಿನ ಅಂಚಿನಲ್ಲಿ ಎಂಜಿನ್ ಸ್ಪಂದಿಸುವ ಮೊದಲಿನ ಸಡಿಲ ಎರಡರಿಂದ ಆರು ಮಿಲಿಮೀಟರ್ ಇದ್ದರೆ ಸರಿ, ಹೆಚ್ಚು ಕಡಿಮೆಯಾಗಿದ್ದರೆ ಕೇಬಲ್ಲಿನ ಅಡ್ಜಸ್ಟರಿನಿಂದ ಸರಿಮಾಡಬೇಕು. ಈ ಯಾವುದಾದರೂ ಒಂದರಲ್ಲಿ ಗಾಡಿ ಫೇಲಾದರೆ ಬಿಚ್ಚಿ ಮತ್ತೆ ಮಾಡುವುದೇ ದಾರಿ, ಓಡುತ್ತ ಓಡುತ್ತ ಸರಿಹೋಗುವ ದೋಷ ಇದಲ್ಲ.

ಬಿಳಿ ಪೇಂಟಿನಿಂದ ಎಡಗ್ರಿಪ್ಪಿನ ಅಂಚಿನಿಂದ ಸ್ವಿಚ್ ಪೆಟ್ಟಿಗೆಯವರೆಗೆ ಒಂದು ಸಣ್ಣ ನೇರ ಗೆರೆ ಎಳೆದುಬಿಡಿ. ಬಲಗಡೆ ಗ್ರಿಪ್ಪಿನ ಅಂಚಿಗೂ ಕೊಳವೆಯ ಅಂಚಿಗೂ ಅಂಥದೇ ಗೆರೆ. ಗ್ರಿಪ್ ಕೂದಲೆಳೆಯಷ್ಟು ಜರುಗಿದರೂ ಗೆರೆ ಮುರಿದು ಕಾಣುತ್ತದೆ, ಕೈಗೆ ಗೊತ್ತಾಗುವ ಮೊದಲೇ ಕಣ್ಣಿಗೆ ಗೊತ್ತಾಗುತ್ತದೆ. ಸಕ್ಕರೆ ಕಾರ್ಖಾನೆಗಳು ಕಬ್ಬು ಅರೆಯಲು ಶುರುಮಾಡಿ ದಾರಿಗಳು ಜಾಡು ಬೀಳುವ ಮುನ್ನ, ಮತ್ತೆ ಮಳೆ ಹಿಡಿಯುವ ಮುನ್ನ, ವರ್ಷಕ್ಕೆ ಎರಡು ಸಲ ಆ ಗೆರೆ ನೋಡಿ, ಎರಡೂ ಗ್ರಿಪ್ಪನ್ನು ಬಲವಾಗಿ ತಿರುಚಿ ನೋಡಿ. ಗೆರೆ ಮುರಿದಿದ್ದರೆ ಆ ದಿನ ಹೊಲಕ್ಕೆ ಬೇರೆ ಗಾಡಿಯಲ್ಲಿ ಹೋಗಿ.